ಕೀಲುನೋವು ಎಂದರೆ ಯಾವ ಕೀಲುನೋವು? ಅಮ್ಮನ ವಾರದ ಮಾತ್ರೆಯ ಬಗ್ಗೆ ತಿಳಿದವರು ದಯವಿಟ್ಟು ಹೇಳಿ

ನಿಟುವಳ್ಳಿಯ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆಯ ನಿಟುವಳ್ಳಿ. ಅಮ್ಮನಿಗೆ 56 ವರ್ಷ. ಕಳೆದ ದೀಪಾವಳಿಯ ಹೊತ್ತಿಗೆ ಅವರ ಎರಡೂ ಕೈಗಳ ಬೆರಳಿನ ಬುಡದ ಗೆಣ್ಣುಗಳು ಊದಿಕೊಂಡವು. ಬೆಳಿಗ್ಗೆ ಎದ್ದ ಮೇಲೆ ಒಂದೂವರೆ ಗಂಟೆಯವರೆಗೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಮೂವತ್ತು ವರ್ಷ ರೊಟ್ಟಿ ತಟ್ಟಿದ ಕೈ ಅದು. ಹಿಟ್ಟನ್ನು ಬೆರಳಿನಿಂದ ತಟ್ಟಲಾಗದೆ ಅಂಗೈಯ ಬುಡದಿಂದ ಒತ್ತಿ ಒತ್ತಿ ಅಗಲ ಮಾಡುತ್ತಿದ್ದುದನ್ನು ಕಂಡಾಗಲೇ ಇದು ವಯಸ್ಸಿಗೆ ಬರುವ ನೋವಲ್ಲ ಎಂದು ನನಗೆ ಅನ್ನಿಸಿತ್ತು.

ಲಕ್ಕಿ ಸೊಪ್ಪಿನ ಶಾಖ, ಹರಳೆಣ್ಣೆ ಎಲ್ಲವೂ ಆಯಿತು. ಆಮೇಲೆ ಪರಿಚಯದವರ ಮಾತು ಕೇಳಿ ಪಕ್ಕದ ಊರಿನ ಒಬ್ಬರ ಬಳಿ ಹೋದೆವು. ಅವರು ಹೆಸರಿಲ್ಲದ ಕಾಗದದ ಪೊಟ್ಟಣದಲ್ಲಿ ಸಣ್ಣ ಬಿಳಿ ಮಾತ್ರೆಗಳನ್ನು ಕೊಟ್ಟರು. ಮೂರನೆಯ ದಿನಕ್ಕೆ ಅಮ್ಮ ಮೊದಲಿನಂತೆ ರೊಟ್ಟಿ ತಟ್ಟಿದರು, ನಾವೆಲ್ಲ ಕೈ ಮುಗಿದೆವು. ನಾಲ್ಕು ತಿಂಗಳಲ್ಲಿ ಅವರ ಮುಖ ದುಂಡಗಾಯಿತು. ಮೊದಲು ಇರದ ಸಕ್ಕರೆ ಈಗ ಊಟದ ನಂತರ 240 ತೋರಿಸುತ್ತಿದೆ. ಎರಡು ದಿನ ಮಾತ್ರೆ ತಪ್ಪಿದರೆ ನೋವು ಮೊದಲಿಗಿಂತ ಹೆಚ್ಚಾಗುತ್ತದೆ.

ಕೊನೆಗೆ ಕೀಲುರೋಗ ತಜ್ಞರಿಗೆ ತೋರಿಸಿದೆವು. ರಕ್ತಪರೀಕ್ಷೆಯಲ್ಲಿ ಆ್ಯಂಟಿ ಸಿಸಿಪಿ (ಈ ಕಾಯಿಲೆಯ ಗುರುತಾಗಿ ರಕ್ತದಲ್ಲಿ ಕಾಣುವ ಪ್ರತಿಕಾಯ) ಪಾಸಿಟಿವ್ ಬಂದಿದ್ದು, ಇದು ರುಮಟಾಯ್ಡ್ ಸಂಧಿವಾತ ಎಂದು ಹೇಳಿ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ವಾರಕ್ಕೆ ಒಮ್ಮೆ ಮಾತ್ರ ನುಂಗಬೇಕೆಂದು ಬರೆದುಕೊಟ್ಟಿದ್ದಾರೆ. ಜೊತೆಗೆ ಫೋಲಿಕ್ ಆ್ಯಸಿಡ್ ಮತ್ತು ಹೈಡ್ರಾಕ್ಸಿಕ್ಲೋರೊಕ್ವಿನ್ ಇವೆ. ದೊಡ್ಡಮ್ಮನ ಮಗ ಮೊಬೈಲಿನಲ್ಲಿ ಹುಡುಕಿ "ಇದು ಕ್ಯಾನ್ಸರ್ ಮಾತ್ರೆ" ಎಂದುಬಿಟ್ಟ. ಅಂದಿನಿಂದ ಚೀಟಿ ದೇವರ ಮನೆಯಲ್ಲಿದೆ, ಮಾತ್ರೆ ಅಂಗಡಿಯಲ್ಲಿದೆ. ಈ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರು ಯಾರಾದರೂ ಇದ್ದೀರಾ?

ದುರ್ಗದ ನಿವೃತ್ತ ಶಿಕ್ಷಕಿ:

ಇದ್ದೇನೆ ತಾಯಿ. ಹದಿನಾಲ್ಕು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದೇನೆ. ಚಿತ್ರದುರ್ಗದಲ್ಲಿ ಪ್ರೌಢಶಾಲೆಯಲ್ಲಿದ್ದಾಗ ಸೀಮೆಸುಣ್ಣ ಹಿಡಿಯಲು ಆಗದೆ ರಜೆ ಹಾಕಿದವಳು ನಾನು. ಆಮೇಲೆ ಇದೇ ಮಾತ್ರೆಯ ಬಲದಿಂದ ಹನ್ನೊಂದು ವರ್ಷ ಬೋರ್ಡಿನ ಮೇಲೆ ಬರೆದು ನಿವೃತ್ತಳಾದೆ.

ಆದರೆ ಸಿಹಿ ಮಾತನ್ನಷ್ಟೇ ಹೇಳಿದರೆ ನಿಮ್ಮ ಅಮ್ಮನಿಗೆ ಅನ್ಯಾಯವಾಗುತ್ತದೆ. ಮೂರನೆಯ ವರ್ಷದಲ್ಲಿ ನನ್ನ ಜೀವಕ್ಕೆ ಬಂದಿತ್ತು. ಅದಕ್ಕೆ ಕಾರಣ ಔಷಧಿಯಲ್ಲ, ಅದನ್ನು ನುಂಗಿದ ರೀತಿ. ಹಳೆಯ ಚೀಟಿ ಕಳೆದಿದ್ದರಿಂದ ಹೊಸದು ಬರೆಸಿದೆವು, ಹೊಸ ಅಂಗಡಿಯಲ್ಲಿ ತಂದೆವು. ಪೊಟ್ಟಣದ ಮೇಲೆ ಅಭ್ಯಾಸಬಲದಿಂದ ಯಾರೋ "ಬೆಳಿಗ್ಗೆ 1" ಎಂದಷ್ಟೇ ಬರೆದಿದ್ದರು. ಆಗ ನನಗೆ ಜ್ವರವಿತ್ತು, ಮಾತ್ರೆಗಳನ್ನು ಕೊಡುತ್ತಿದ್ದವಳು ಸೊಸೆ, ಅವಳು ಬರೆದಿದ್ದಂತೆಯೇ ದಿನಕ್ಕೊಂದು ಕೊಟ್ಟಳು. ಒಂಬತ್ತನೆಯ ದಿನ ಬಾಯೆಲ್ಲ ಹುಣ್ಣಾಯಿತು. ಗಂಜಿಯ ಹನಿ ತಾಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ರಕ್ತದಲ್ಲಿ ಬಿಳಿಕಣಗಳು ಕುಸಿದಿದ್ದವು. ಆರು ದಿನ ಆಸ್ಪತ್ರೆಯಲ್ಲಿದ್ದು, ಈ ಮಾತ್ರೆಯ ವಿಷ ಇಳಿಸುವ ಫೋಲಿನಿಕ್ ಆ್ಯಸಿಡ್ ಇಂಜೆಕ್ಷನ್ ತೆಗೆದುಕೊಂಡು ಬದುಕಿ ಬಂದೆ. ಸೊಸೆಯನ್ನು ಯಾರೂ ಒಂದು ಮಾತು ಅನ್ನಲಿಲ್ಲ, ಆದರೂ ಅವಳು ವರ್ಷವೆಲ್ಲ ಕೊರಗಿದಳು.

ಇಷ್ಟಾದ ಮೇಲೂ ಎರಡು ತಿಂಗಳ ನಂತರ ಅದೇ ಮಾತ್ರೆಯನ್ನು ಮತ್ತೆ ಶುರು ಮಾಡಿದೆ. ಬಿಟ್ಟಿದ್ದ ಆ ಎರಡೇ ತಿಂಗಳಲ್ಲಿ ಬಲಗೈ ಮಣಿಕಟ್ಟು ಊದಿಕೊಂಡಿದ್ದು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಹಾಗಾಗಿ ವಾರದ ಯಾವ ದಿನ ನುಂಗಬೇಕೆಂಬುದನ್ನು ಚೀಟಿಯ ಮೇಲೆ ಪೂರ್ತಿ ಅಕ್ಷರಗಳಲ್ಲಿ ಬರೆಸಿಕೊಳ್ಳಿ. "ಸೋಮ" ಎಂಬ ಗುರುತು ಸಾಲದು, "ಸೋಮವಾರ ಮಾತ್ರ" ಎಂದಿರಬೇಕು.

ಔಷಧಿ ಅಂಗಡಿಯವ, ದಾವಣಗೆರೆ:

ಮೇಡಂ ಬರೆದದ್ದನ್ನು ಓದಿ ಕೈ ನಡುಗಿತು, ಏಕೆಂದರೆ ಇಂಥ ತಪ್ಪು ನಡೆಯುವುದು ನಮ್ಮ ಕೌಂಟರಿನಲ್ಲಿಯೇ. ಈ ಮಾತ್ರೆ 2.5, 5, 7.5, 10, 15 ಮಿಲಿಗ್ರಾಂ ಹೀಗೆ ಹಲವು ಅಳತೆಗಳಲ್ಲಿ ಬರುತ್ತದೆ. ಕಳೆದ ಸಲ 2.5ರ ಮೂರು ಮಾತ್ರೆ ನುಂಗುತ್ತಿದ್ದವರಿಗೆ ಈ ಸಲ 7.5ರ ಸ್ಟ್ರಿಪ್ ಸಿಕ್ಕರೆ, ಹಳೆಯ ರೂಢಿಯಂತೆ ಮೂರನ್ನು ನುಂಗಿಬಿಡುತ್ತಾರೆ. ಅಂದರೆ 7.5ರ ಬದಲಿಗೆ 22.5. ಆದ್ದರಿಂದ ಸಾಧ್ಯವಾದಷ್ಟೂ ಒಂದೇ ಅಳತೆಯನ್ನು ಕೇಳಿ ಪಡೆಯಿರಿ, ಒಂದು ತಿಂಗಳಿಗೆ ಬೇಕಾದಷ್ಟನ್ನೇ ತನ್ನಿ, ಮನೆಯವರ ದಿನನಿತ್ಯದ ಬಿಪಿ, ಸಕ್ಕರೆ ಮಾತ್ರೆಗಳ ಡಬ್ಬಿಯಲ್ಲಿ ಇದನ್ನು ಹಾಕಬೇಡಿ.

ಇನ್ನೊಂದು ಮಾತು. ಮೂತ್ರದ ಸೋಂಕಿಗೋ ಭೇದಿಗೋ ಅಂಗಡಿಯಲ್ಲೇ ಕೇಳಿ ಕೋಟ್ರೈಮಾಕ್ಸಜೋಲ್ ಮಾತ್ರೆ ತೆಗೆದುಕೊಳ್ಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಮೆಥೊಟ್ರೆಕ್ಸೇಟ್ ನುಂಗುವವರು ಅದನ್ನು ಮುಟ್ಟಲೇಬಾರದು, ಎರಡೂ ಸೇರಿದರೆ ಮೂಳೆಮಜ್ಜೆ ರಕ್ತಕಣ ಮಾಡುವುದನ್ನೇ ನಿಲ್ಲಿಸಬಹುದು. ಯಾವ ಅಂಗಡಿಗೆ ಹೋದರೂ ಮೊದಲು ಈ ಮಾತ್ರೆಯ ಹೆಸರು ಹೇಳಿ, ಆಮೇಲೆ ಉಳಿದದ್ದನ್ನು ಕೇಳಿ.

ಬೆಲೆಗೆ ಹೆದರಬೇಕಾಗಿಲ್ಲ. ಇದು ಹಳೆಯ ಔಷಧಿ, ಅಗ್ಗದ ಔಷಧಿ. ಜನೌಷಧಿ ಕೇಂದ್ರಗಳಲ್ಲಿಯೂ ವಿಚಾರಿಸಿ ನೋಡಿ.

ಮೊಳಕಾಲ್ಮುರಿನ ನೇಕಾರ:

ಎಲ್ಲರೂ ಇಂಗ್ಲಿಷ್ ಔಷಧಿಯನ್ನೇ ಹೇಳುತ್ತಿದ್ದೀರಿ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ರೇಷ್ಮೆ ಸೀರೆ ನೇಯುತ್ತೇವೆ. ದಿನವಿಡೀ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ನಮಗೆ ಸೊಂಟ, ಮಂಡಿ, ಭುಜಗಳ ನೋವು ಹೊಸದಲ್ಲ. ಆಯುರ್ವೇದದ ವೈದ್ಯರ ತೈಲ, ಕಷಾಯ, ಪಥ್ಯಗಳಿಂದಲೇ ನಾನು ಇವತ್ತಿಗೂ ಮಗ್ಗಕ್ಕೆ ಇಳಿಯುತ್ತಿದ್ದೇನೆ. ಬಾಯಿ ಹುಣ್ಣಾಗುವ ಔಷಧಿಯನ್ನು ಹದಿನಾಲ್ಕು ವರ್ಷ ನುಂಗುವುದಕ್ಕಿಂತ ಇದು ಲೇಸಲ್ಲವೇ? ಆ ತಾಯಿಗೆ ಮೊದಲು ಪಂಚಕರ್ಮ ಮಾಡಿಸಿ ನೋಡಬಹುದಲ್ಲವೇ?

ಎಂ.ಡಿ. ವೈದ್ಯ, ದಾವಣಗೆರೆ:

ನೇಕಾರರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ನೀವು ನಂಬುವ ಶಾಸ್ತ್ರದಲ್ಲಿಯೇ ಇದೆ. ಆಯುರ್ವೇದವು ಸಂಧಿಗತವಾತ, ಆಮವಾತ, ವಾತರಕ್ತ ಎಂದು ಬೇರೆ ಬೇರೆ ಹೆಸರಿಟ್ಟಿತೇ ಹೊರತು ಎಲ್ಲಕ್ಕೂ "ಕೀಲುನೋವು" ಎಂಬ ಒಂದೇ ಚೀಲ ಹೊಲಿಯಲಿಲ್ಲ. ಆ ಚೀಲ ಹೊಲಿದವರು ನಾವು. ಮಗ್ಗದಲ್ಲಿ ಕೂತು ಬರುವ ಸೊಂಟನೋವಿಗೆ ತೈಲ, ಶಾಖ, ವ್ಯಾಯಾಮಗಳಿಂದ ಆರಾಮ ಸಿಗುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಿಟುವಳ್ಳಿಯ ತಾಯಿಯವರದು ಕೀಲಿನ ಸವೆತವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಿಕ್ಕು ತಪ್ಪಿ, ಕೀಲಿನ ಒಳಪದರದ ಮೇಲೆ ದಾಳಿ ಮಾಡುವ ಕಾಯಿಲೆ ಅದು. ಎರಡೂ ಕೈಗಳಲ್ಲಿ ಒಟ್ಟಿಗೆ ಬರುವುದು, ಬೆರಳಿನ ತುದಿಯ ಗೆಣ್ಣನ್ನು ಸಾಮಾನ್ಯವಾಗಿ ಬಿಟ್ಟು ಬುಡದ ಮತ್ತು ನಡುವಿನ ಗೆಣ್ಣುಗಳನ್ನು ಹಿಡಿಯುವುದು, ಬೆಳಗಿನ ಬಿಗಿತ ಗಂಟೆಗಟ್ಟಲೆ ಇರುವುದು ಅದರ ಗುರುತು. ಕೈ ಕುಲುಕಿದಾಗ ಚೀರುವಷ್ಟು ನೋವಾದರೆ ನಾವು ಅರ್ಧ ಕಾಯಿಲೆಯನ್ನು ಅಲ್ಲಿಯೇ ಊಹಿಸುತ್ತೇವೆ. ಸವೆತದ ನೋವಿನ ನಡೆ ಬೇರೆ. ಅಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆ ದಾಟುವುದಿಲ್ಲ, ಸಂಜೆಯ ಹೊತ್ತಿಗೆ, ನಡೆದಷ್ಟೂ ನೋವು ಹೆಚ್ಚುತ್ತದೆ. ಒಂದು ರಾತ್ರಿ ಕಾಲಿನ ಹೆಬ್ಬೆರಳು ಕೆಂಡದಂತೆ ಕೆಂಪಾಗಿ, ಹೊದಿಕೆ ಸೋಕಿದರೂ ತಡೆಯಲಾಗದ ನೋವು ಬಂದರೆ ಅದು ಯೂರಿಕ್ ಆ್ಯಸಿಡ್ ಹರಳುಗಟ್ಟಿದ ಗೌಟ್ ಇರಬಹುದು. ಅದಕ್ಕೆ ಕೋಲ್ಚಿಸಿನ್, ಆಲೋಪ್ಯುರಿನಾಲ್‌ನಂಥ ಬೇರೆಯೇ ಔಷಧಿಗಳಿವೆ. 2006ರ ಚಿಕೂನ್‌ಗುನ್ಯಾ ಹಾವಳಿಯನ್ನು ನಮ್ಮ ಭಾಗದ ಹಿರಿಯರು ಮರೆತಿರಲಾರರು. ಜ್ವರ ವಾರದಲ್ಲಿ ಬಿಟ್ಟರೂ ಕೀಲು ಹಿಡಿದದ್ದು ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಬಿಡಲಿಲ್ಲ. ಇವೆಲ್ಲಕ್ಕೂ ಒಂದೇ ಮಾತ್ರೆ ಕೊಡುವವರು ಯಾರಾದರೂ ಇದ್ದರೆ, ಆ ಮಾತ್ರೆ ಬಹುಮಟ್ಟಿಗೆ ಸ್ಟಿರಾಯ್ಡ್ ಆಗಿರುತ್ತದೆ.

ಆ ಬಿಳಿ ಮಾತ್ರೆಯ ಬಗ್ಗೆ ಹೇಳಲೇಬೇಕು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮೊದಲ ಬಾರಿಗೆ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟಾಗ, ಹಾಸಿಗೆ ಬಿಟ್ಟು ಏಳಲಾಗದಿದ್ದವರು ಕೆಲವೇ ದಿನಗಳಲ್ಲಿ ನಡೆದಾಡಿದರು. 1950ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಆದರೆ ಅದನ್ನು ಹೆಚ್ಚು ಪ್ರಮಾಣದಲ್ಲಿ ಹೆಚ್ಚು ಕಾಲ ಕೊಟ್ಟರೆ ಮುಖ ಊದುವುದು, ಮೂಳೆ ಟೊಳ್ಳಾಗುವುದು, ಸಕ್ಕರೆ ಏರುವುದು ಬೇಗನೆ ಗೊತ್ತಾಯಿತು. ನಿಮ್ಮ ಅಮ್ಮನ ರೊಟ್ಟಿಯ ಕಥೆ ಅದೇ ಕಥೆ. ಸ್ಟಿರಾಯ್ಡ್ ವಿಷವೇನಲ್ಲ. ನಾವೂ ಬರೆಯುತ್ತೇವೆ, ಆದರೆ ಕಡಿಮೆ ಪ್ರಮಾಣದಲ್ಲಿ, ಕೆಲವೇ ವಾರಗಳ ಮಟ್ಟಿಗೆ, ಮೆಥೊಟ್ರೆಕ್ಸೇಟ್ ಕೆಲಸ ಶುರು ಮಾಡುವವರೆಗೆ. ಅದು ಶುರುವಾಗಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಜನ ಬಿಟ್ಟುಬಿಡುವುದೂ ಆ ಮಧ್ಯದಲ್ಲಿಯೇ. ಇನ್ನೊಂದು ಎಚ್ಚರಿಕೆ: ನಾಲ್ಕು ತಿಂಗಳು ನುಂಗಿದ ಆ ಮಾತ್ರೆಯನ್ನು ಸಿಟ್ಟಿನಿಂದ ಒಂದೇ ದಿನ ಎಸೆಯಬೇಡಿ. ದೇಹ ತನ್ನ ಸ್ವಂತ ಸ್ಟಿರಾಯ್ಡ್ ಮಾಡುವುದನ್ನು ನಿಲ್ಲಿಸಿರಬಹುದು. ಪೊಟ್ಟಣವನ್ನು ತಜ್ಞರಿಗೆ ತೋರಿಸಿ, ಅವರು ಹಂತಹಂತವಾಗಿ ಇಳಿಸುತ್ತಾರೆ.

"ಕ್ಯಾನ್ಸರ್ ಮಾತ್ರೆ" ಎಂಬ ಮಾತು ಅರ್ಧ ನಿಜ. ಕ್ಯಾನ್ಸರಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಮಿಲಿಗ್ರಾಂ ಕೊಡುತ್ತಾರೆ. ಸಂಧಿವಾತಕ್ಕೆ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಈ ಔಷಧಿಯ ಹಿಂದೆ ಭೀಮವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ದುಡಿಮೆ ಇದೆ ಎಂಬುದನ್ನು ದೊಡ್ಡಮ್ಮನ ಮಗನಿಗೆ ಹೇಳಿ, ಮೊಬೈಲಿನಲ್ಲಿ ಅದನ್ನೂ ಹುಡುಕಲಿ. ಮಾತ್ರೆಗೆ ಮುಂಚೆ ಯಕೃತ್ತು, ಮೂತ್ರಪಿಂಡ, ರಕ್ತಕಣ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳು, ಎದೆಯ ಎಕ್ಸ್‌ರೇ ಆಗಬೇಕು. ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ತಪ್ಪಿಸಬಾರದು. ಹೈಡ್ರಾಕ್ಸಿಕ್ಲೋರೊಕ್ವಿನ್‌ಗೆ ಮೊದಲ ವರ್ಷದೊಳಗೆ ಒಮ್ಮೆ ಕಣ್ಣಿನ ಪರೀಕ್ಷೆ, ಐದು ವರ್ಷದ ನಂತರ ಪ್ರತಿವರ್ಷ. ಮಗು ಬಯಸುವ ವಯಸ್ಸಿನ ಹೆಣ್ಣುಮಕ್ಕಳು ಗರ್ಭಿಣಿಯಾಗುವ ಮುಂಚೆಯೇ ಮೆಥೊಟ್ರೆಕ್ಸೇಟ್ ಬಿಡಬೇಕು, ಅದನ್ನು ವೈದ್ಯರಿಗೆ ನಾಚಿಕೆಯಿಲ್ಲದೆ ಮೊದಲೇ ಹೇಳಬೇಕು.

ಚಳ್ಳಕೆರೆ ರೈತ:

ವೈದ್ಯರು ಒಂದು ಕಾಯಿಲೆಯನ್ನು ಬಿಟ್ಟಿದ್ದಾರೆ, ನಮ್ಮ ಜಿಲ್ಲೆಯದು: ಕುಡಿಯುವ ನೀರಿನ ಫ್ಲೋರೈಡ್‌ನಿಂದ ಬರುವ ಫ್ಲೋರೋಸಿಸ್. ಅಪ್ಪನಿಗೆ ಕತ್ತು, ಬೆನ್ನು ಹಿಡಿದುಕೊಂಡು ಹತ್ತು ವರ್ಷವಾಯಿತು. ಶೇಂಗಾ ಕೀಳಲು ಬಗ್ಗಲಾರರು. ಯಾರಾದರೂ ಹಿಂದಿನಿಂದ ಕರೆದರೆ ಕತ್ತು ತಿರುಗದೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾರೆ. ಅಷ್ಟೂ ವರ್ಷ ಸಂಧಿವಾತವೆಂದು ನೋವಿನ ಮಾತ್ರೆ ನುಂಗಿಸಿದೆವು. ಕೊನೆಗೆ ಒಬ್ಬ ಯುವ ವೈದ್ಯರು ಬೆನ್ನಿನ ಜೊತೆಗೆ ಮುಂಗೈಯ ಎಕ್ಸ್‌ರೇ ತೆಗೆಸಿ, ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದನ್ನು ತೋರಿಸಿದರು. ಆಮೇಲೆ ನನ್ನ ಮಗನ ಬಾಯಿ ತೆರೆಸಿ ಹಲ್ಲಿನ ಮೇಲಿನ ಕಂದು ಗೆರೆಗಳನ್ನು ನೋಡಿ, "ನಿಮ್ಮ ಮನೆಗೆ ಯಾವ ನೀರು?" ಎಂದು ಕೇಳಿದರು. ಕೊಳವೆಬಾವಿಯ ನೀರು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತಾರೆ, ನಮ್ಮದರಲ್ಲಿ ಅದರ ಎರಡರಷ್ಟಿತ್ತು.

ಆ ಹತ್ತು ವರ್ಷದ ನೋವಿನ ಮಾತ್ರೆಗಳಿಂದ ಅಪ್ಪನ ಮೂತ್ರಪಿಂಡ ಕೂಡ ಸೊರಗಿದೆ. ಗಟ್ಟಿಯಾದ ಬೆನ್ನು ಮರಳಿ ಬಗ್ಗುವುದಿಲ್ಲವಂತೆ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂದು ನಂಬಿ ವರ್ಷಗಟ್ಟಲೆ ಕುದಿಸಿ ಕುಡಿದವರು ನಾವು. ಕುದಿಸಿದರೆ ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಈಗ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ.

ಎಂ.ಡಿ. ವೈದ್ಯ, ದಾವಣಗೆರೆ:

ಬಿಟ್ಟದ್ದು ನನ್ನ ತಪ್ಪು, ಒಪ್ಪುತ್ತೇನೆ. ದಾವಣಗೆರೆಯಲ್ಲಿ ಕುಳಿತು ಬರೆಯುವವನಿಗೆ ಚಳ್ಳಕೆರೆ, ಮೊಳಕಾಲ್ಮುರುಗಳ ನೀರು ಮೊದಲು ನೆನಪಾಗಬೇಕಿತ್ತು.

ನಿಟುವಳ್ಳಿಯ ಮಗಳು:

ನೀವೆಲ್ಲ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಶಿಕ್ಷಕಿಯವರ ಸೊಸೆಯ ಕಥೆ ಕೇಳಿ ನನ್ನ ಮುಖ ನೋಡಿದರು. ಒಂದು ಸಣ್ಣ ಪ್ರಶ್ನೆ: ಅಪ್ಪಾಜಿಗೂ ಮಂಡಿನೋವಿದೆ. ಮೆಟ್ಟಿಲು ಇಳಿಯುವಾಗ ಹೆಚ್ಚು, ಕೂತು ಎದ್ದರೆ ಕಟಕಟ ಸದ್ದು. ಅವರು ಅಮ್ಮನ ಬಿಳಿ ಮಾತ್ರೆಯನ್ನು ಆಗಾಗ ಹಂಚಿಕೊಂಡು ನುಂಗುತ್ತಿದ್ದರು ಎಂದು ನಿನ್ನೆಯಷ್ಟೇ ಬಾಯಿ ಬಿಟ್ಟರು!

ನಿವೃತ್ತ ಬಸ್ ಚಾಲಕ, ಹರಿಹರ:

ನಿಮ್ಮ ತಂದೆಯವರದು ನನ್ನ ಕಾಯಿಲೆ ಇರಬೇಕು, ಸವೆತ. ಮೂವತ್ತೊಂದು ವರ್ಷ ಕ್ಲಚ್ ತುಳಿದ ಎಡಮಂಡಿ ನನ್ನದು. ಅದಕ್ಕೆ ನಿಮ್ಮ ಅಮ್ಮನ ಮಾತ್ರೆಗಳು ಯಾವುವೂ ಬೇಡ.

ಮೊದಲು ನಾನು ಮಾಡಿದ್ದು ತಪ್ಪು ಕೆಲಸ. "ಮಂಡಿಗೆ ಗ್ರೀಸ್ ಹಾಕುತ್ತೇವೆ" ಎಂದವರ ಮಾತು ನಂಬಿ ಜೆಲ್ ಇಂಜೆಕ್ಷನ್‌ಗೆ ದುಡ್ಡು ಸುರಿದೆ. ಚಾಲಕನಿಗೆ ಗ್ರೀಸ್ ಎಂದರೆ ನಂಬಿಕೆ ಬರುವುದು ಸಹಜ ತಾನೇ. ಮೂರು ತಿಂಗಳಿಗೆ ನೋವು ಹಾಗೆಯೇ ಇತ್ತು. ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ ದುಡ್ಡಿಲ್ಲದ ಚಿಕಿತ್ಸೆ ಹೇಳಿಕೊಟ್ಟಳು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಒತ್ತಿ ಹಿಡಿದು ಹತ್ತು ಎಣಿಸುವುದು, ಕುರ್ಚಿಯಲ್ಲಿ ಕೂತು ಕಾಲನ್ನು ನೆಟ್ಟಗೆ ಎತ್ತಿ ಹಿಡಿಯುವುದು, ಊರುಗೋಲನ್ನು ನೋವಿರುವ ಕಾಲಿನ ಕಡೆಗಲ್ಲ, ಎದುರಿನ ಕೈಯಲ್ಲಿ ಹಿಡಿಯುವುದು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋ ಇಳಿಯುತ್ತದೆ ಎಂದಳು. ಬೆಣ್ಣೆದೋಸೆಯನ್ನು ವಾರಕ್ಕೆ ನಾಲ್ಕರಿಂದ ತಿಂಗಳಿಗೆ ಒಂದಕ್ಕೆ ಇಳಿಸಿದೆ, ವರ್ಷದಲ್ಲಿ ಒಂಬತ್ತು ಕಿಲೋ ಇಳಿದೆ. ನೋವು ಇರುವಲ್ಲಿಗೆ ಡೈಕ್ಲೋಫೆನಾಕ್ ಜೆಲ್ ಸವರುತ್ತಿದ್ದೆ. ಮಾತ್ರೆಯಂತೆ ಅದು ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಅಷ್ಟಾಗಿ ಕಾಡುವುದಿಲ್ಲ. ಹೀಗೆ ಐದು ವರ್ಷ ನಡೆಯಿತು.

ಆಮೇಲೆ ಕಾಲು ಬಿಲ್ಲಿನಂತೆ ಬಾಗಿ, ರಾತ್ರಿ ಮಲಗಿದಾಗಲೂ ನೋವು ಬಂದಾಗ ಮಂಡಿ ಬದಲಿಸಿಕೊಂಡೆ. 2017ರ ಆಗಸ್ಟ್‌ನಲ್ಲಿ ಸರ್ಕಾರ ಮಂಡಿಯ ಕೃತಕ ಕೀಲಿಗೆ ಬೆಲೆಯ ಮಿತಿ ಹಾಕಿತು. ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಇದು ಕೀಲಿನ ಬೆಲೆ ಮಾತ್ರ. ಶಸ್ತ್ರಚಿಕಿತ್ಸೆ, ಕೊಠಡಿ, ಔಷಧಿಗಳ ಲೆಕ್ಕ ಬೇರೆ. ಆದ್ದರಿಂದ ಬಿಲ್ಲಿನಲ್ಲಿ ಕೀಲಿನ ಹೆಸರು, ಬೆಲೆಗಳನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಹಾಕಿದ ಹತ್ತು ಮಂಡಿಗಳಲ್ಲಿ ಎಂಟು 25 ವರ್ಷ ಬಾಳುತ್ತವೆಯಂತೆ. ನನಗೆ ಈಗ 67, ಲೆಕ್ಕ ನೀವೇ ಹಾಕಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಊಟಕ್ಕೆ ಕೂರುವುದೊಂದು ಹೋಯಿತು. ಮದುವೆ ಮನೆಗಳಲ್ಲಿ ಅದಕ್ಕೇ ಸ್ವಲ್ಪ ಬೇಸರ.

ಮೊಳಕಾಲ್ಮುರಿನ ನೇಕಾರ:

ಹೆಸರಿಲ್ಲದ ಪುಡಿ, ಮಾತ್ರೆಗಳನ್ನು ಕೊಡುವವರು ಆಯುರ್ವೇದದವರೇ ಅಲ್ಲ. ಓದಿದ ವೈದ್ಯರು ಚೀಟಿ ಬರೆದು ಕೊಡುತ್ತಾರೆ. ಆ ಹೆಸರಿಲ್ಲದ ಮಾತ್ರೆ ಕೊಡುವವರ ತಪ್ಪನ್ನು ನಮ್ಮ ತಲೆಗೆ ಕಟ್ಟಬೇಡಿ. ಆ ತಾಯಿಗೆ ವಾರದ ಮಾತ್ರೆ ಬೇಕು ಎಂಬುದನ್ನು ಒಪ್ಪುತ್ತೇನೆ. ಜೊತೆಗೆ ಕಷಾಯ ಬೇಡ ಎಂದರೆ ಮಾತ್ರ ಒಪ್ಪಲಾರೆ.

ಎಂ.ಡಿ. ವೈದ್ಯ, ದಾವಣಗೆರೆ:

ಬೆಚ್ಚಗಿನ ತೈಲವನ್ನು ಧಾರಾಳವಾಗಿ ಹಚ್ಚಿ. ಹೊಟ್ಟೆಗೆ ಹೋಗುವುದರ ಬಗ್ಗೆ ಮಾತ್ರ ನನ್ನ ಹಟ. ಮೆಥೊಟ್ರೆಕ್ಸೇಟ್ ಆಗಲೇ ಯಕೃತ್ತಿನ ಮೇಲೆ ಒಂದು ಹೊರೆ ಹಾಕಿರುತ್ತದೆ, ಎರಡನೆಯ ಹೊರೆಯಾವುದು ಎಂದು ತಿಳಿಯದೆ ರಕ್ತಪರೀಕ್ಷೆಯಲ್ಲಿ ಏರುಪೇರಾದರೆ ಯಾವುದನ್ನು ನಿಲ್ಲಿಸಬೇಕು? ಕಷಾಯ ಕೊಡುವವರಿಗೂ ಮಾತ್ರೆ ಕೊಡುವವರಿಗೂ ಇನ್ನೊಬ್ಬರ ಚೀಟಿ ತೋರಿಸಿ.

ಮಾತ್ರೆಗಳು ಸಾಕಾಗದಿದ್ದರೆ ಮುಂದೇನು ಎಂದು ಕೆಲವರು ಖಾಸಗಿಯಾಗಿ ಕೇಳಿದ್ದಾರೆ. ಸಲ್ಫಾಸಲಜಿನ್, ಲೆಫ್ಲುನೊಮೈಡ್ ಸೇರಿಸಬಹುದು. ಅದರಾಚೆ ಬಯಾಲಜಿಕ್ ಇಂಜೆಕ್ಷನ್‌ಗಳು, ಟೋಫಾಸಿಟಿನಿಬ್ ಮಾತ್ರೆಗಳು ಇವೆ. ಅವು ದೇಹದ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವುದರಿಂದ, ಅವುಗಳಿಗೆ ಮುಂಚೆ ದೇಹದಲ್ಲಿ ಅಡಗಿದ ಕ್ಷಯವಿದೆಯೇ ಎಂದು ಪರೀಕ್ಷಿಸಲೇಬೇಕು, ನಮ್ಮ ದೇಶದಲ್ಲಿ ಅದು ದೊಡ್ಡ ಮಾತು. ಹೆಚ್ಚಿನವರಿಗೆ ಅಷ್ಟು ದೂರ ಹೋಗುವ ಅಗತ್ಯ ಬೀಳದಿರಲಿ. ಶಸ್ತ್ರಚಿಕಿತ್ಸೆಯ ಖರ್ಚಿನ ಚಿಂತೆ ಇರುವವರು ಬಿಪಿಎಲ್ ಕಾರ್ಡ್ ಹಿಡಿದು ಜಿಲ್ಲಾಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಆರೋಗ್ಯಮಿತ್ರರನ್ನು ಮೊದಲೇ ಕಂಡು, ಶಿಫಾರಸು ಪತ್ರದ ವಿಷಯ ವಿಚಾರಿಸಬೇಕು. ಖಾಸಗಿ ಆಸ್ಪತ್ರೆಯಲ್ಲಿ ದಾಖಲಾದ ಮೇಲೆ ಓಡಾಡುವುದು ಕಷ್ಟ.

ನಿಟುವಳ್ಳಿಯ ಮಗಳು:

ನಿನ್ನೆ ಚೀಟಿ ದೇವರ ಮನೆಯಿಂದ ಹೊರಗೆ ಬಂತು. ಬಿಳಿ ಪೊಟ್ಟಣವನ್ನೂ ತಜ್ಞರಿಗೆ ತೋರಿಸಿದೆವು. ಅದರ ಬದಲಿಗೆ ಅಳತೆ ಗೊತ್ತಿರುವ ಸ್ಟಿರಾಯ್ಡ್ ಬರೆದು, ಎಂಟು ವಾರಗಳಲ್ಲಿ ಇಳಿಸುವ ಪಟ್ಟಿ ಕೊಟ್ಟಿದ್ದಾರೆ. ವಾರದ ಮಾತ್ರೆಗೆ ಅಮ್ಮನೇ ಸೋಮವಾರ ಆರಿಸಿದರು. ಅಂದು ಈಶ್ವರನ ಗುಡಿಗೆ ಹೋಗುವುದು ತಪ್ಪುವುದಿಲ್ಲ, ಬಂದ ಮೇಲೆ ನುಂಗುತ್ತಾರಂತೆ. ಫೋಲಿಕ್ ಆ್ಯಸಿಡ್ ಗುರುವಾರ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸೋಮವಾರಗಳಿಗೆ ನಾನು ಕೆಂಪು ಸುತ್ತು ಹಾಕಿದೆ. ಮಾತ್ರೆ ನುಂಗಿದ ಮೇಲೆ ಅಮ್ಮ ಅದರೊಳಗೆ ಗೀಟು ಎಳೆಯಬೇಕು. ಮೊದಲ ಗೀಟು ಪೆನ್ನು ಜಾರಿ ಮಂಗಳವಾರದವರೆಗೂ ಹೋಗಿದೆ. ಅಪ್ಪಾಜಿ ಟವೆಲ್ ಸುತ್ತಿಕೊಂಡು ಹತ್ತು ಎಣಿಸುತ್ತಿದ್ದಾರೆ, ಏಳಕ್ಕೇ ನಿಲ್ಲಿಸುತ್ತಾರೆ.

ಎರಡು ವಾರಕ್ಕೆ ರಕ್ತಪರೀಕ್ಷೆ ಬರೆದಿದ್ದಾರೆ. ಅದಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ?

ಔಷಧಿ ಅಂಗಡಿಯವ, ದಾವಣಗೆರೆ:

ರಕ್ತಕಣ, ಯಕೃತ್ತು, ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆಗಳಿಗೆ ಉಪವಾಸ ಬೇಕಿಲ್ಲ, ತಿಂಡಿ ತಿಂದೇ ಹೋಗಲಿ. ಅದೇ ದಿನ ಸಕ್ಕರೆಯನ್ನೂ ನೋಡಿಸುವುದಾದರೆ ಮಾತ್ರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಲಿ. ಸೋಮವಾರ ಬಿಟ್ಟು, ಮುಂದಿನ ಮಾತ್ರೆಗೆ ಒಂದೆರಡು ದಿನ ಮುಂಚೆ ಕೊಟ್ಟರೆ, ವರದಿ ನೋಡಿದ ಮೇಲೆಯೇ ಆ ವಾರದ ಮಾತ್ರೆ ನುಂಗಬಹುದು.